ಮೂರನೇ ಮಹಡಿಯ ಮಾನಿಟರ್ ಪ್ರಕರಣ

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಮೂರನೇ ಮಹಡಿಯ ಟೈಪಿಸ್ಟರ ಮೇಜಿನ ಮೇಲೆ ಮಾನಿಟರ್ ಇರಲಿಲ್ಲ.

ಇದನ್ನು ಮೊದಲು ಕಂಡವರು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದು ನಿವೃತ್ತರಾದವರು. ಅವರು ಕೆಲಸ ಬಿಟ್ಟರೂ ಕೆಲಸದ ಹೆಸರು ಅವರನ್ನು ಬಿಟ್ಟಿರಲಿಲ್ಲ. ಹೆಂಡತಿಯೊಬ್ಬರನ್ನು ಬಿಟ್ಟು ಉಳಿದವರೆಲ್ಲ ಅವರನ್ನು ಟೈಂಕೀಪರ್ ಎಂದೇ ಕರೆಯುತ್ತಿದ್ದರು. ಹೊತ್ತಿನ ವಿಷಯದಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಸರ್ವೀಸು ಮುಗಿಯುವವರೆಗೆ ಯಾವ ಡ್ರೈವರಿಗೂ ಅರ್ಧ ನಿಮಿಷದ ರಿಯಾಯಿತಿ ಕೊಟ್ಟವರಲ್ಲ ಎಂಬುದು ಅವರ ಹೆಮ್ಮೆ. ಕಣ್ಣಿನ ಬಗ್ಗೆಯೂ ಅಷ್ಟೇ ಹೆಮ್ಮೆ. “ನನ್ನ ಕಣ್ಣು ತಪ್ಪಿಸಿ ಒಂದು ಬಸ್ಸೂ ಆಚೆ ಹೋಗಿಲ್ಲ” ಎಂದು ಆಗಾಗ ಹೇಳುತ್ತಿದ್ದರು. ಬಸ್ಸು ಕಣ್ಣು ತಪ್ಪಿಸುವಷ್ಟು ಸಣ್ಣ ವಸ್ತುವಲ್ಲ ಎಂದು ಯಾರೂ ಅವರಿಗೆ ನೆನಪಿಸಿರಲಿಲ್ಲ.

ಆ ಬೆಳಗ್ಗೆ ಅವರು ಮನೆಮನೆಯ ಬಾಗಿಲಿಗೆ ಹೋಗಿ, ಟ್ಯಾಂಕ್ ತೊಳೆಯುವುದರಿಂದ ಮಧ್ಯಾಹ್ನದವರೆಗೆ ನೀರು ಬರುವುದಿಲ್ಲ ಎಂದು ತಿಳಿಸುತ್ತಿದ್ದರು. ಟೈಪಿಸ್ಟ್ ಹೋದ ತಿಂಗಳಷ್ಟೇ ಬಾಡಿಗೆಗೆ ಬಂದವರು. ನಲವತ್ತರ ಆಸುಪಾಸು, ಒಬ್ಬಂಟಿ, ಹುಟ್ಟಿನಿಂದ ಕಣ್ಣು ಕಾಣದವರು. ಆಸ್ಪತ್ರೆಯ ಡಾಕ್ಟರುಗಳು ರೋಗಿಗಳ ಬಗ್ಗೆ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ಟೈಪು ಮಾಡಿ ಕೊಡುವುದು ಅವರ ಕೆಲಸ. ಬಾಗಿಲು ತೆರೆದಿತ್ತು. ಅವರು ಒಳಗೆ ಅಡುಗೆಮನೆಯಲ್ಲಿ ಟೀ ಮಾಡುತ್ತಿದ್ದರು.

ಟೈಂಕೀಪರ್ ಮೇಜನ್ನು ನೋಡಿದರು. ಕೀಬೋರ್ಡ್ ಇತ್ತು. ಹೆಡ್‌ಫೋನ್ ಇತ್ತು. ಮೇಜಿನ ಕೆಳಗೆ ಸಿಪಿಯು ಡಬ್ಬ ಹಸಿರು ದೀಪ ಉರಿಸಿಕೊಂಡು, ಫ್ಯಾನು ತಿರುಗಿಸಿಕೊಂಡು ಗುಂಯ್‌ಗುಡುತ್ತಿತ್ತು. ಅದರ ಪಕ್ಕದಲ್ಲಿ ಹೊಲಿಗೆ ಯಂತ್ರಕ್ಕಿರುವಂಥ ಒಂದು ಪೆಡಲ್. ಮಾನಿಟರ್ ಇರಬೇಕಾದ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ. ಏನೂ ಇರಲಿಲ್ಲ ಎಂದರೆ ವರದಿ ತಪ್ಪಾಗುತ್ತದೆ. ಅಲ್ಲಿ ಎರಡು ಗೇಣು ಉದ್ದ, ಎರಡು ಗೇಣು ಅಗಲದ ಒಂದು ಚೌಕವಿತ್ತು. ಮೇಜಿನ ಉಳಿದ ಭಾಗದ ಮೇಲೆ ತೆಳುವಾಗಿ ಧೂಳು ಕೂತಿತ್ತು, ಚೌಕದೊಳಗೆ ಧೂಳಿರಲಿಲ್ಲ.

ಕಂಪ್ಯೂಟರ್ ಓಡುತ್ತಿದೆ, ಮಾನಿಟರ್ ಇಲ್ಲ. ಅಂದರೆ ಓಡುತ್ತಿರುವಾಗಲೇ ಯಾರೋ ಎಗರಿಸಿದ್ದಾರೆ. ಧೂಳು ಇನ್ನೂ ಕೂತಿಲ್ಲ. ಅಂದರೆ ಈಗಷ್ಟೇ ಎಗರಿಸಿದ್ದಾರೆ. ಮನೆಯ ಯಜಮಾನ ಒಳಗೆ ನಿರಾಳವಾಗಿ ಟೀ ಸೋಸುತ್ತಿದ್ದಾನೆ. ಅಂದರೆ ಅವನಿಗೆ ಗೊತ್ತೇ ಆಗಿಲ್ಲ. ಡಿಪೋ ಈ ಮನುಷ್ಯನನ್ನು ಟೈಂಕೀಪರ್ ಹುದ್ದೆಯಲ್ಲೇ ಕೊಳೆಯಲು ಬಿಟ್ಟಿತಲ್ಲ ಎನಿಸುವಂಥ ತರ್ಕ.

ಅಷ್ಟರಲ್ಲಿ ಟೈಪಿಸ್ಟ್ ಲೋಟ ಹಿಡಿದು ಹೊರಬಂದರು.

“ಕಾರ್ಯದರ್ಶಿಗಳಾ? ಬನ್ನಿ, ಬನ್ನಿ. ಏನು ಬೆಳಗ್ಗೇನೇ?”

“ನೀರು ಬರಲ್ಲ ಅಂತ ಹೇಳೋಕೆ ಬಂದೆ, ಟೈಪಿಸ್ಟ್ ಸಾರ್.” ಟೈಂಕೀಪರ್ ಗಂಟಲು ಸರಿಮಾಡಿಕೊಂಡರು. “ಮತ್ತೆ, ಕಂಪ್ಯೂಟರ್ ಚೆನ್ನಾಗಿದೆಯಾ?”

“ಚೆನ್ನಾಗಿದೆ.”

“ಎಲ್ಲಾ ಭಾಗಾನೂ ಚೆನ್ನಾಗಿದೆಯಾ?”

“ಎಲ್ಲಾ ಭಾಗಾನೂ ಚೆನ್ನಾಗಿದೆ. ಯಾಕೆ?”

“ಮುಂದಿನ ಭಾಗ?”

“ಮುಂದಿನ ಭಾಗ ಅಂದ್ರೆ?”

“ಅದೇ ಸಾರ್... ನೀವು ಕೂತಾಗ ನಿಮ್ಮ ಎದುರಿಗೆ ಇರೋದು.”

“ನನ್ನ ಎದುರಿಗೆ ಗೋಡೆ ಇದೆ. ಗೋಡೆ ಚೆನ್ನಾಗೇ ಇದೆಯಲ್ಲ?”

“ಗೋಡೆ ಇದೆ ಸಾರ್, ಗೋಡೆಗೇನಾಗಿಲ್ಲ” ಎಂದು ಟೈಂಕೀಪರ್ ಭಾರವಾದ ದನಿಯಲ್ಲಿ ಹೇಳಿ ಹೊರಬಿದ್ದರು.

ಮೆಟ್ಟಿಲಿಳಿದು ಮನೆಗೆ ಬಂದವರೇ ಹೆಂಡತಿಗೆ ವಿಷಯ ತಿಳಿಸಿದರು. ಆಕೆ ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ ಕೇಳಿದರು: “ರೀ, ಅವರನ್ನೇ ಒಂದು ಮಾತು ಕೇಳಿದ್ರೆ ಆಗಲ್ವಾ?”

“ನಿನಗೆ ಬುದ್ಧಿ ಇದೆಯೇನೇ? ಪಾಪದ ಮನುಷ್ಯ. ನಿಮ್ಮ ಮಾನಿಟರ್ ಹೊತ್ಕೊಂಡು ಹೋಗಿದ್ದಾರೆ ಅಂದ್ರೆ ಎದೆ ಒಡ್ಕೊಳಲ್ವಾ?”

“ಕಣ್ಣು ಕಾಣದೋರಿಗೆ ಮಾನಿಟರ್ ಯಾತಕ್ರೀ?”

ಟೈಂಕೀಪರ್ ಒಂದು ಕ್ಷಣ ತಡೆದರು. ಒಂದೇ ಕ್ಷಣ.

“ಕೈಗೆ ಗಡಿಯಾರ ಕಟ್ಟಿದೋರೆಲ್ಲ ಟೈಂ ನೋಡ್ತಾರಾ? ಎಷ್ಟು ಡ್ರೈವರುಗಳನ್ನ ನೋಡಿಲ್ಲ ನಾನು! ಕಟ್ಟೋದು ಬೇರೆ, ನೋಡೋದು ಬೇರೆ.”

ಇಂಥ ವಾದಕ್ಕೆ ಉತ್ತರ ಕೊಡಲು ಹೋಗಬಾರದೆಂದು ಮದುವೆಯಾದ ಹೊಸದರಲ್ಲೇ ಕಲಿತಿದ್ದ ಆಕೆ ತರಕಾರಿಯತ್ತ ತಿರುಗಿದರು.

ವಿಷಯವನ್ನು ಗುಟ್ಟಾಗಿಡಬೇಕೆಂದು ಟೈಂಕೀಪರ್ ನಿರ್ಧರಿಸಿದರು. ಗುಟ್ಟಾಗಿಡಬೇಕೆಂಬುದನ್ನು ಪ್ರತಿ ಮನೆಗೂ ಹೋಗಿ ಖುದ್ದಾಗಿ ತಿಳಿಸಿದರು. ತಿಂಡಿಯ ಹೊತ್ತು ಮುಗಿಯುವುದರೊಳಗೆ ಕಟ್ಟಡದಲ್ಲಿ ಕಳುವಿನ ಸುದ್ದಿ ಗೊತ್ತಿಲ್ಲದವರು ಒಬ್ಬರೇ ಉಳಿದಿದ್ದರು. ಆ ಒಬ್ಬರು ಬ್ರೆಡ್ ತರಲು ಕೋಲೂರಿಕೊಂಡು ಕೆಳಗಿಳಿದಾಗ ಮೆಟ್ಟಿಲ ಮೇಲಿದ್ದವರೆಲ್ಲ ಮಾತು ನಿಲ್ಲಿಸಿದರು. ಎರಡನೇ ಮಹಡಿಯ ದರ್ಜಿಗೆ ತಡೆಯಲಾಗಲಿಲ್ಲ. ಟೈಪಿಸ್ಟರ ಕೈ ಹಿಡಿದು, “ಧೈರ್ಯವಾಗಿರಿ ಸಾರ್. ನಾವೆಲ್ಲ ಇದ್ದೀವಿ” ಎಂದ.

“ಅಯ್ಯೋ, ಮಧ್ಯಾಹ್ನ ಬರುತ್ತಂತಲ್ಲ ಬಿಡಿ” ಎಂದರು ಟೈಪಿಸ್ಟ್, ನೀರಿನ ಬಗ್ಗೆ.

ಇಷ್ಟು ಗಟ್ಟಿ ಮನಸ್ಸಿನ ಮನುಷ್ಯನನ್ನು ತಾನು ಕಂಡಿಲ್ಲವೆಂದು ದರ್ಜಿ ಆಮೇಲೆ ಹೇಳಿದ.

ಸಂಘದ ಅಧ್ಯಕ್ಷೆ ಒಂದು ಕಾಲದಲ್ಲಿ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಅವರ ಮುಂದೆ ಅರವತ್ತು ದಾಟಿದವರೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಟೈಂಕೀಪರ್ ಹೇಳಿದ್ದನ್ನು ಕೇಳಿ ಅವರು ಕಿಟಕಿಯತ್ತ ಬೆರಳು ತೋರಿಸಿದರು.

“ಬೆಳಗ್ಗೆ ನಾನು ಇಲ್ಲೇ ನಿಂತಿದ್ದೆ. ನಮ್ಮ ವಾಚ್‌ಮನ್ ಮೂರನೇ ಮಹಡಿಯಿಂದ ಇಳಿದು ಬಂದ. ಕಂಕುಳಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ್ದ ಒಂದು ವಸ್ತು. ಚಪ್ಪಟೆ. ಚೌಕ.”

“ಚೌಕ!” ಟೈಂಕೀಪರರ ದನಿ ಏರಿತು. “ಎಷ್ಟು ಗೇಣು ಮೇಡಂ?”

“ಕಿಟಕಿಯಿಂದ ಗೇಣು ಹಾಕಕ್ಕೆ ಬರುತ್ತೇನ್ರೀ?”

ವಾಚ್‌ಮನ್‌ನನ್ನು ಕರೆಸಲಾಯಿತು. ಐವತ್ತರ ಹತ್ತಿರದ ಸಣಕಲು ಮನುಷ್ಯ. ಸಮವಸ್ತ್ರದ ಅಂಗಿ ಹಿಂದಿನ ವಾಚ್‌ಮನ್‌ನ ಅಳತೆಯದು. ಇವನು ಅದರೊಳಗೆ ಬಾಡಿಗೆಗೆ ಇದ್ದಂತೆ ಕಾಣುತ್ತಿದ್ದ.

“ಬೆಡ್‌ಶೀಟಿನಲ್ಲಿ ಏನಿತ್ತು?” ಎಂದರು ಅಧ್ಯಕ್ಷೆ.

“ಹಲಗೆ, ಅಮ್ಮಾ.”

“ಎಂಥ ಹಲಗೆ?”

“ಮರದ್ದು.”

“ಹಲಗೆ ಮರದ್ದೇ ಇರುತ್ತೆ. ಎಲ್ಲಿದೆ ಈಗ?”

“ಬಡಗಿ ಅಂಗಡೀಲಿ ಕೊಟ್ಟಿದ್ದೀನಿ. ನಾಳೆ ಕೊಡ್ತಾನೆ.”

“ಯಾವುದಕ್ಕೆ ಉಪಯೋಗಿಸೋ ಹಲಗೆ?”

ಇಲ್ಲಿ ವಾಚ್‌ಮನ್ ಸುಮ್ಮನಾದ. ಒಮ್ಮೆ ಮೇಲೆ ನೋಡಿದ, ಒಮ್ಮೆ ಗೇಟಿನ ಕಡೆ ನೋಡಿದ. ಅಂಗಿಯ ತೋಳು ಕೆಳಗೆ ಜಾರಿತು, ಮೇಲೆ ಎಳೆದುಕೊಂಡ. ಹೆಡ್‌ಮಿಸ್ಟ್ರೆಸ್ ಆಗಿದ್ದವರಿಗೆ ಸುಮ್ಮನಿರುವವನ ಅರ್ಥ ಒಂದೇ. ಅವರು ಪೊಲೀಸ್ ಠಾಣೆಗೆ ಫೋನ್ ಮಾಡಿದರು.

ಮಧ್ಯಾಹ್ನ ಪೇದೆ ಬಂದ. ಬಿಸಿಲಲ್ಲಿ ನಡೆದು ಬಂದದ್ದರಿಂದ ಅಧ್ಯಕ್ಷೆಯ ಮನೆಯ ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು ಕೂತ.

“ಏನು ಹೋಗಿದೆ?”

“ಮಾನಿಟರ್” ಎಂದರು ಟೈಂಕೀಪರ್.

“ಯಾವ ಕಂಪನಿ?”

“ಗೊತ್ತಿಲ್ಲ.”

“ಬಣ್ಣ?”

“ಕಪ್ಪಿರಬಹುದು.”

“ಇರಬಹುದು ಅಂದ್ರೆ? ಕೊನೇ ಸಲ ನೋಡಿದ್ದು ಯಾರು?”

“ಯಾರೂ ನೋಡಿಲ್ಲ.”

ಪೇದೆ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. “ಕಳಕೊಂಡೋರು ನೋಡಿರ್ತಾರಲ್ರೀ?”

“ಅವರಿಗೆ ಕಣ್ಣು ಕಾಣಲ್ಲ.”

“ಸರಿ. ಅವರು ದೂರು ಕೊಡಬೇಕು, ಕರೀರಿ.”

“ಕರೆಯೋ ಹಾಗಿಲ್ಲ ಸಾರ್, ಕಳುವಾಗಿರೋದು ಅವರಿಗಿನ್ನೂ ಗೊತ್ತಿಲ್ಲ. ನಾವೇ ಹೇಳಿಲ್ಲ, ಮನಸ್ಸಿಗೆ ಬೇಜಾರಾಗುತ್ತೆ ಅಂತ.”

ಪೇದೆ ತುಂಬ ಹೊತ್ತು ಫ್ಯಾನನ್ನೇ ನೋಡಿದ. “ಅಂದ್ರೆ, ಯಾರೂ ನೋಡದೇ ಇರೋ ವಸ್ತು. ಕಳಕೊಂಡೋರಿಗೆ ಕಳಕೊಂಡದ್ದು ಗೊತ್ತಿಲ್ಲ. ಗೊತ್ತಾಗದ ಹಾಗೆ ನಾನು ಹುಡುಕಿಕೊಡಬೇಕು.”

“ಅಷ್ಟೇ ಸಾರ್” ಎಂದರು ಟೈಂಕೀಪರ್, ಇಷ್ಟು ಬೇಗ ಅರ್ಥ ಮಾಡಿಕೊಂಡನಲ್ಲ ಎಂಬ ಮೆಚ್ಚುಗೆಯಲ್ಲಿ.

“ಸಂಜೆ ಬರ್ತೀನಿ” ಎಂದು ಪೇದೆ ಎದ್ದ. ಬರುವುದಿಲ್ಲವೆಂದು ಎಲ್ಲರೂ ಎಣಿಸಿದರು. ಬಂದ. ಇಂಥದ್ದು ಹೇಗೆ ಮುಗಿಯುತ್ತದೆಂದು ತಿಳಿಯದೆ ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ ಎಂದು ಆಮೇಲೆ ಕಾರಣ ಕೊಟ್ಟ.

ಪೊಲೀಸರಿಂದ ಆಗದ್ದನ್ನು ಅಧ್ಯಕ್ಷೆ ತಾವೇ ತೀರ್ಮಾನಿಸಿದರು. ಸಂಜೆ ಆರಕ್ಕೆ ಸಂಘದ ಸಭೆ. ಅಷ್ಟರೊಳಗೆ ಮಾನಿಟರ್ ಮೇಜಿನ ಮೇಲೆ ಬಂದು ಕೂತಿದ್ದರೆ ಸರಿ. ಇಲ್ಲದಿದ್ದರೆ ವಾಚ್‌ಮನ್ ಸಮವಸ್ತ್ರ ಕಳಚಿಟ್ಟು ಹೊರಡಬೇಕು.

ವಾಚ್‌ಮನ್ ಟೈಂಕೀಪರರ ಮನೆ ಬಾಗಿಲಿಗೆ ಬಂದು ನಿಂತ. “ಸಾರ್, ನಾನು ತಗೊಂಡಿಲ್ಲ.”

“ಹಾಗಾದ್ರೆ ಹಲಗೆ ಯಾವುದು ಅಂತ ಹೇಳಪ್ಪಾ.”

“ಹೇಳಿದ್ರೂ ಕೆಲಸ ಹೋಗುತ್ತೆ ಸಾರ್, ಹೇಳದಿದ್ರೂ ಹೋಗುತ್ತೆ. ಈ ವರ್ಷ ಇದು ಮೂರನೇ ಕೆಲಸ. ಇದೂ ಹೋಯ್ತು ಅಂದ್ರೆ ನಮ್ಮನೆಯವಳು ನಂಬಲ್ಲ. ನಾನೇ ಬಿಟ್ಟು ಬಂದೆ ಅಂತಾಳೆ.”

ಅವನು ಹೋದ ಮೇಲೆ ಟೈಂಕೀಪರ್ ಕುರ್ಚಿಯಲ್ಲಿ ಕೂತರು. ಎದ್ದರು. ಮತ್ತೆ ಕೂತರು.

“ಅವನು ಕದ್ದಿಲ್ಲ ಕಣೇ.”

“ಕದ್ದಿದ್ದಾನೆ ಅಂತ ಹೇಳಿಕೊಂಡು ಬಂದೋರು ಯಾರು?” ಎಂದರು ಹೆಂಡತಿ. “ಈಗಲಾದ್ರೂ ಅವರನ್ನೇ ಒಂದು ಮಾತು—”

“ಕೇಳೋದಲ್ಲ, ಮಾಡೋದು ಮುಖ್ಯ!” ಟೈಂಕೀಪರ್ ಎದ್ದು ನಿಂತಿದ್ದರು. ಅವರ ಕಣ್ಣು ನಡುಮನೆಯ ಗೋಡೆಯ ಮೇಲಿತ್ತು. ಗೋಡೆಯ ಮೇಲೆ ಟೀವಿ ಇತ್ತು.

ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಬಾಮೈದನಿಗೆ ಫೋನ್ ಹೋಯಿತು. ಅವನು ಸ್ಕ್ರೂಡ್ರೈವರ್ ಹಿಡಿದೇ ಬಂದ.

“ಟೀವೀನ ಮಾನಿಟರ್ ಥರ ಹಾಕಬಹುದಾ?”

“ಧಾರಾಳವಾಗಿ ಭಾವ. ಒಂದು ಕೇಬಲ್ ಚುಚ್ಚಿದ್ರೆ ಆಯ್ತು. ಆದ್ರೆ ನೀವು ಹೇಳ್ತಿರೋ ಮಾನಿಟರ್ ಚೌಕ ಅಲ್ವಾ? ಇದು ಅಗಲ.”

“ಅವರಿಗೆ ಕಾಣಲ್ವಲ್ಲೋ.”

“ಮತ್ತೆ ಯಾರಿಗೆ ಕಾಣಕ್ಕೆ ಹಾಕೋದು?”

“ಅಧ್ಯಕ್ಷೆಗೆ!”

ಬಾಮೈದ ಟೀವಿ ಇಳಿಸಲು ಶುರು ಮಾಡಿದ. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದು ನಿಂತರು. “ಎಲ್ಲಿಗೆ ಹೊರಟಿತು ನನ್ನ ಟೀವಿ?”

“ಒಬ್ಬ ಮನುಷ್ಯನ ಅನ್ನ ಉಳಿಸೋಕೆ.”

“ಏಳು ಗಂಟೆಗೆ ನನ್ನ ಧಾರಾವಾಹಿ ಇದೆ. ಅಷ್ಟರೊಳಗೆ ಉಳಿಸಿ ವಾಪಸ್ ತನ್ನಿ.”

ಸಭೆಗೆ ಇನ್ನು ಕಾಲು ಗಂಟೆ ಇರುವಾಗ ಭಾವ ಬಾಮೈದ ಇಬ್ಬರೂ ಟೀವಿಯನ್ನು ಆಚೆಯೊಬ್ಬರು ಈಚೆಯೊಬ್ಬರು ಹಿಡಿದು ಮೂರನೇ ಮಹಡಿ ಹತ್ತಿದರು. ಟೈಪಿಸ್ಟರ ಬಾಗಿಲು ಎಂದಿನಂತೆ ಅರೆ ತೆರೆದಿತ್ತು. ಅವರು ಹೆಡ್‌ಫೋನ್ ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತು ಟೈಪು ಮಾಡುತ್ತಿದ್ದರು. ಪೆಡಲ್ ಒತ್ತುತ್ತಿದ್ದರು, ಬಿಡುತ್ತಿದ್ದರು, ಬೆರಳು ಓಡಿಸುತ್ತಿದ್ದರು. ಎದುರಿಗೆ ಬರೀ ಗೋಡೆ.

ಇಬ್ಬರೂ ಚಪ್ಪಲಿ ಹೊರಗೆ ಬಿಟ್ಟರು. ಟೈಂಕೀಪರ್ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಲು ಹೋದರು; ಆ ಕೈಯಲ್ಲಿ ಟೀವಿ ಇದ್ದುದರಿಂದ ಟೀವಿ ವಾಲಿತು. ಬಾಮೈದ ಹಲ್ಲು ಕಚ್ಚಿ ಹಿಡಿದ. ಕಂಪ್ಯೂಟರಿನ ಮುಂದೆ ಕೂತವನ ಕಣ್ಣೆದುರೇ, ಅಂದರೆ ಅವನ ಮೂಗಿನಿಂದ ಒಂದು ಮೊಳ ದೂರದಲ್ಲಿ, ಅವನಿಗೆ ಗೊತ್ತಾಗದಂತೆ ನಲವತ್ತಿಂಚಿನ ಟೀವಿಯನ್ನು ಸ್ಥಾಪಿಸುವ ಕೆಲಸ ಅದು. ಇಂಥದ್ದನ್ನು ಹಿಂದೆ ಯಾರಾದರೂ ಮಾಡಿದ್ದರೆ ದಾಖಲೆ ಸಿಕ್ಕಿಲ್ಲ.

ಟೀವಿ ಮೇಜಿನ ಮೇಲೆ ಕೂತಿತು. ಬಾಮೈದ ಮೇಜಿನ ಕೆಳಗೆ ತೂರಿ, ಟೈಪಿಸ್ಟರ ಕಾಲಿಗೆ ತಾಗದಂತೆ ಉಸಿರು ಬಿಗಿಹಿಡಿದು ಕೇಬಲ್ ಚುಚ್ಚಿದ. ಟೈಂಕೀಪರ್ ರಿಮೋಟ್ ಒತ್ತಿದರು.

ಇಲ್ಲಿ ಯಂತ್ರಗಳ ಒಂದು ಸ್ವಭಾವವನ್ನು ಹೇಳಬೇಕು. ಇಂಥ ಕೇಬಲ್ಲಿನಲ್ಲಿ ಚಿತ್ರ ಮಾತ್ರ ಹೋಗುವುದಿಲ್ಲ, ದನಿಯೂ ಹೋಗುತ್ತದೆ. ಟೀವಿ ಸಿಕ್ಕಿತೆಂದರೆ ಎಷ್ಟೋ ಕಂಪ್ಯೂಟರುಗಳು ಹೆಡ್‌ಫೋನನ್ನು ಕೈಬಿಟ್ಟು ತಮ್ಮ ಮಾತನ್ನೆಲ್ಲ ಟೀವಿಯ ಬಾಯಿಗೆ ಕೊಟ್ಟುಬಿಡುತ್ತವೆ. ಟೈಂಕೀಪರರ ಟೀವಿಯಲ್ಲಿ ದನಿ ಎಷ್ಟಿತ್ತೆಂದರೆ, ಒಳಗೆ ಒಗ್ಗರಣೆ ಹಾಕುತ್ತಿದ್ದರೂ ಹೊರಗಿನ ಧಾರಾವಾಹಿ ಕೇಳಬೇಕು, ಅಷ್ಟು.

ಟೀವಿ ಒಮ್ಮೆಲೇ ಬಾಯಿ ಬಿಟ್ಟಿತು. ಮೊದಲು ಒಬ್ಬ ಡಾಕ್ಟರರ ದನಿ “ಪಿತ್ತಕೋಶದಲ್ಲಿ” ಎಂದು ಗುಡುಗಿತು. ಅದರ ಬೆನ್ನಿಗೇ ಇನ್ನೊಂದು ದನಿ, ಮನುಷ್ಯರದಲ್ಲದ್ದು, ಗೋಲಿಯ ಡಬ್ಬಿ ಮೆಟ್ಟಿಲ ಮೇಲಿಂದ ಉರುಳಿಬಿದ್ದ ಹಾಗೆ ಒಂದೇ ಸಮನೆ ಏನನ್ನೋ ಒದರತೊಡಗಿತು. ಕಿಟಕಿಯ ಗಾಜು ನಡುಗಿತು. ಬಾಮೈದ ಎದ್ದ, ಎದ್ದದ್ದು ಮೇಜಿನ ಕೆಳಗಿದ್ದುಕೊಂಡೇ ಆದ್ದರಿಂದ ತಲೆ ಹೊಡೆಸಿಕೊಂಡು “ಅಮ್ಮಾ!” ಎಂದ. ಸಭೆಗೆಂದು ಕೆಳಗೆ ಸೇರುತ್ತಿದ್ದವರೆಲ್ಲ ಮೆಟ್ಟಿಲೇರಿ ಓಡಿಬಂದರು. ಅಧ್ಯಕ್ಷೆ, ಪೇದೆ, ದರ್ಜಿ, ಟೈಂಕೀಪರರ ಹೆಂಡತಿ, ಎಲ್ಲರಿಗಿಂತ ಹಿಂದೆ ವಾಚ್‌ಮನ್.

ಟೈಪಿಸ್ಟ್ ಒಂದು ಕೀ ಒತ್ತಿದರು. ದನಿ ನಿಂತಿತು. ಹೆಡ್‌ಫೋನ್ ಕೊರಳಿಗೆ ಇಳಿಸಿ, ಕುರ್ಚಿಯನ್ನು ತಿರುಗಿಸಿಕೊಂಡು ಕೂತರು.

“ಕಾರ್ಯದರ್ಶಿಗಳೇ, ಮೇಜಿನ ಕೆಳಗಿರೋರು ಯಾರು?”

“ನನ್ನ ಬಾಮೈದ, ಸಾರ್.”

“ಪೆಟ್ಟು ಜೋರಾಗಿ ಬಿತ್ತಾ?”

“ಪರವಾಗಿಲ್ಲ ಸಾರ್” ಎಂದಿತು ಮೇಜಿನ ಕೆಳಗಿನಿಂದ ಒಂದು ದನಿ.

“ಮೇಜಿನ ಮೇಲೆ ಬೆಚ್ಚಗೆ ಏನೋ ಇದೆಯಲ್ಲ, ಏನದು?”

ಟೈಂಕೀಪರ್ ಅಧ್ಯಕ್ಷೆಯನ್ನು ನೋಡಿದರು, ಪೇದೆಯನ್ನು ನೋಡಿದರು. ಇನ್ನು ಮುಚ್ಚಿಡಲು ಜಾಗ ಉಳಿದಿರಲಿಲ್ಲ. “ಸಾರ್, ಮನಸ್ಸು ಗಟ್ಟಿ ಮಾಡ್ಕೊಳಿ. ನಿಮ್ಮ ಮಾನಿಟರ್ ಕಳುವಾಗಿದೆ.”

“ನನ್ನ ಹತ್ರ ಮಾನಿಟರ್ ಯಾವಾಗ ಇತ್ತು?”

ಟೈಂಕೀಪರರ ಹೆಂಡತಿ, ಯಾರಿಗೂ ಅಲ್ಲವೆಂಬಂತೆ, “ಒಂದು ಮಾತು ಕೇಳಿ ಅಂದೆ” ಎಂದರು.

“ಇರಲೇ ಇಲ್ವಾ?” ಪೇದೆಯ ದನಿಯಲ್ಲಿ ಸಂತೋಷವಿತ್ತು, ಕೇಸು ಮುಗಿದಿತ್ತು. ಅಷ್ಟರಲ್ಲಿ ಅವನ ಕಣ್ಣು ಮೇಜಿನ ಮೇಲೆ ಓಡಿತು. “ಅರೆ, ಮೌಸೂ ಇಲ್ವಲ್ರೀ! ಅದನ್ನ ನೀವು ಹೇಳಲೇ ಇಲ್ಲ.”

ಟೈಂಕೀಪರರ ಮುಖ ಸಣ್ಣಗಾಯಿತು. ಇಲ್ಲದ ವಸ್ತುಗಳಲ್ಲಿ ಅರ್ಧದಷ್ಟು ಅವರ ಕಣ್ಣು ತಪ್ಪಿಸಿ ಹೋಗಿದ್ದವು.

“ಮೌಸಿನ ಬಾಣ ಎಲ್ಲಿದೆ ಅಂತ ನೋಡೋಕಾಗದೆ ಮೌಸ್ ಹಿಡಿದು ಏನ್ಮಾಡ್ಲಿ?” ಎಂದರು ಟೈಪಿಸ್ಟ್. “ಎಲ್ಲಾ ಕೀಲಿಗಳಲ್ಲೇ. ಕಂಪ್ಯೂಟರಿನಲ್ಲಿ ಓದೋ ಸಾಫ್ಟ್‌ವೇರ್ ಒಂದಿದೆ. ಅಲ್ಲಿರೋದನ್ನ ಅದು ಹೇಳುತ್ತೆ, ನಾನು ಕೇಳ್ತೀನಿ. ಈಗ ನಿಮ್ಮೆಲ್ಲರ ಕಿವಿಗೆ ಬಿತ್ತಲ್ಲ, ಅದೇ. ಆದ್ರೆ ದಯವಿಟ್ಟು ಕೇಳಿದ್ದನ್ನ ಹೊರಗೆ ಹೇಳಬೇಡಿ, ಅದು ಆಸ್ಪತ್ರೆಯ ಗುಟ್ಟು.”

“ಪಿತ್ತಕೋಶ ಬಿಟ್ಟರೆ ಒಂದಕ್ಷರಾನೂ ತಿಳೀಲಿಲ್ಲ” ಎಂದ ಪೇದೆ.

“ಹೌದಾ? ನಿಧಾನಕ್ಕೇ ಇಟ್ಟಿದ್ದೆನಲ್ಲ.”

ಅಧ್ಯಕ್ಷೆಗೆ ಇನ್ನೂ ಒಪ್ಪಿಗೆಯಾಗಿರಲಿಲ್ಲ. “ಅಲ್ಲ, ನಿಮಗೆ ಬೇಡದೇ ಇರಬಹುದು. ಆದರೆ ಮಾನಿಟರೇ ಇಲ್ಲ ಅಂದ್ರೆ ನೀವು ಏನು ಬರೀತಿದ್ದೀರಿ ಅಂತ ಬೇರೆಯವರು ನೋಡೋದು ಹೇಗೆ?”

“ಅದಕ್ಕೇ ಇಟ್ಟಿಲ್ಲ, ಮೇಡಂ. ಮೊದಲು ಒಂದಿತ್ತು, ಬೇರೆ ಮನೇಲಿದ್ದಾಗ. ಬಂದೋರೆಲ್ಲ ನನ್ನ ಹೆಗಲ ಹಿಂದೆ ನಿಂತು ಓದೋರು. ನಾನು ಅದರ ಧೂಳು ಒರೆಸಬೇಕು, ಕರೆಂಟ್ ಬಿಲ್ ಕಟ್ಟಬೇಕು, ನೋಡೋದು ಮಾತ್ರ ಅವರು. ಯಾರಿಗೋ ಕೊಟ್ಟುಬಿಟ್ಟೆ.”

“ನಾವು ಒಳಗೆ ಬಂದಿದ್ದು ನಿಮಗೆ ಗೊತ್ತಾಗಲಿಲ್ವಾ?” ಎಂದ ಬಾಮೈದ, ಹೊರಗೆ ಬಂದು ತಲೆ ಉಜ್ಜಿಕೊಳ್ಳುತ್ತ.

“ಬಾಗಿಲ ಹತ್ರ ಬಂದಾಗಲೇ ಪೆಡಲ್ ಮೇಲಿದ್ದ ಕಾಲಿಗೆ ಗೊತ್ತಾಯ್ತು. ನೆಲ ಅದುರ್ತಿತ್ತು. ಏನು ಮಾಡ್ತೀರೋ ನೋಡೋಣ ಅಂತ ಸುಮ್ಮನಿದ್ದೆ. ಪಿತ್ತಕೋಶಕ್ಕಿಂತ ನಿಮ್ಮದೇ ಸ್ವಾರಸ್ಯವಾಗಿತ್ತು.”

ಇಷ್ಟು ಹೊತ್ತಿಗೆ ಸಭೆಯನ್ನು ಎಲ್ಲರೂ ಮರೆತಿದ್ದರು. ದರ್ಜಿ ಕೀಬೋರ್ಡಿನ ಮೇಲೆ ಒಂದು ಬೆರಳು ಇಡಬಹುದೇ ಎಂದು ಕೇಳಿದ. ಇಟ್ಟ ಕೂಡಲೇ ಟೀವಿ ಆ ಅಕ್ಷರವನ್ನು ಕೂಗಿ ಹೇಳಿತು. ಬೆಂಕಿ ತಾಗಿದವನಂತೆ ಕೈ ಎಳೆದುಕೊಂಡು, ಮತ್ತೆ ಇಟ್ಟ. ಟೈಂಕೀಪರರ ಹೆಂಡತಿ ಮುಂದೆ ಬಂದು, ಇಡೀ ಪುಟ ಒಟ್ಟಿಗೆ ಕಾಣದೆ ಹೇಗೆ ಓದುತ್ತೀರಿ ಎಂದು ಕೇಳಿದರು.

“ಪುಟ ಅಂತ ಏನಿಲ್ಲಮ್ಮ. ಒಂದು ಸಾಲು ಬರುತ್ತೆ, ಹೋಗುತ್ತೆ. ಆಮೇಲೆ ಇನ್ನೊಂದು ಸಾಲು.”

“ಬಸ್ಸು ಡಿಪೋ ಗೇಟಿಗೆ ಬಂದ ಹಾಗೆ!” ಟೈಂಕೀಪರರಿಗೆ ಥಟ್ಟನೆ ತಿಳಿಯಿತು. “ಎಲ್ಲಾ ಬಸ್ಸು ಒಟ್ಟಿಗೆ ಯಾರು ನೋಡ್ತಾರೆ? ಒಂದೊಂದೇ ಬರಬೇಕು.”

“ಅದೇ ಸರಿ. ನೀವು ಇಲ್ಲಿ ಕೂತ್ಕೊಳಿ.”

ಟೈಂಕೀಪರ್ ಕೂತರು. ಯಾರೂ ಹೇಳದಿದ್ದರೂ ಕಣ್ಣು ಮುಚ್ಚಿಕೊಂಡರು. ಟೈಪಿಸ್ಟ್ ದನಿಯ ವೇಗ ಇಳಿಸಿ, ಅವರ ಎರಡು ಬೆರಳು ಹಿಡಿದು ಎರಡು ಕೀಲಿಗಳ ಮೇಲಿಟ್ಟು ಒತ್ತಿಸಿದರು. ನೆಗಡಿಯಾದಂತಿದ್ದ ಆ ದನಿ ಹೇಳಿತು: “ಐದು ಗಂಟೆ ಐವತ್ತೆಂಟು ನಿಮಿಷ.”

ಟೈಂಕೀಪರ್ ಕಣ್ಣು ಬಿಟ್ಟು ಕೈಗಡಿಯಾರ ನೋಡಿದರು. ಅದರಲ್ಲಿ ಆರಾಗಿತ್ತು. ಪೇದೆ ತನ್ನ ಫೋನ್ ನೋಡಿ, ಕಂಪ್ಯೂಟರೇ ಸರಿ ಎಂದ. ಎಲ್ಲರೂ ಬೇರೆ ಕಡೆ ನೋಡಿದರು. ಟೈಂಕೀಪರರ ಗಡಿಯಾರ ತಪ್ಪು ತೋರಿಸಿದ್ದು ಕಟ್ಟಡದ ಇತಿಹಾಸದಲ್ಲಿ ಅದೇ ಮೊದಲು.

ಅಧ್ಯಕ್ಷೆ ಈಗ ಟೀವಿಯ ಕೆಳಗೆ ಇಣುಕಿ ನೋಡುತ್ತಿದ್ದರು. “ಮಾನಿಟರ್ ಇರಲಿಲ್ಲ, ಒಪ್ಪಿದೆ. ಹಾಗಾದರೆ ಧೂಳಿಲ್ಲದ ಈ ಚೌಕ?”

“ಅದು ಚೆಸ್ ಬೋರ್ಡಿನ ಜಾಗ” ಎಂದರು ಟೈಪಿಸ್ಟ್. “ನಮ್ಮಂಥೋರು ಆಡೋ ಬೋರ್ಡು. ಕಪ್ಪು ಮನೆಗಳು ಸ್ವಲ್ಪ ಉಬ್ಬಿರ್ತವೆ, ಒಂದೊಂದು ಮನೆಗೂ ತೂತಿರುತ್ತೆ, ಕಾಯಿ ಅದರಲ್ಲಿ ಚುಚ್ಚಿಡಬೇಕು, ಕೈಯಾಡಿಸಿದ್ರೆ ಬೀಳಬಾರದಲ್ಲ. ಒಂದೆರಡು ತೂತು ಸಡಿಲ ಆಗಿತ್ತು. ನಿಮ್ಮ ವಾಚ್‌ಮನ್ ಪುಣ್ಯಾತ್ಮರು ಬೆಳಗ್ಗೆ ತಗೊಂಡು ಹೋಗಿ ಬಡಗಿಗೆ ಕೊಟ್ಟು ಬಂದ್ರು.”

ಎಲ್ಲರೂ ವಾಚ್‌ಮನ್ ಕಡೆ ತಿರುಗಿದರು. ಅವನು ಕಳ್ಳನಲ್ಲವೆಂದು ಸಾಬೀತಾಗಿತ್ತು. ಆದರೂ ಅವನ ಮುಖದಲ್ಲಿ ನೆಮ್ಮದಿ ಇರಲಿಲ್ಲ.

“ಇಷ್ಟನ್ನ ಬೆಳಗ್ಗೆ ಹೇಳೋಕೆ ಏನಾಗಿತ್ತು ನಿನಗೆ?” ಎಂದರು ಅಧ್ಯಕ್ಷೆ.

ಉತ್ತರ ಕೊಟ್ಟವರು ಟೈಪಿಸ್ಟ್, ಏನೂ ಅರಿಯದೆ: “ಅವರು ಒಳ್ಳೇ ಆಟಗಾರರು ಮೇಡಂ. ದಿನಾ ಸಂಜೆ ಆರೂವರೆಗೆ ಬರ್ತಾರೆ, ಒಂದಾಟ ಆಡಿ ಹೋಗ್ತಾರೆ.”

ವಾಚ್‌ಮನ್‌ನ ಡ್ಯೂಟಿ ರಾತ್ರಿ ಎಂಟರವರೆಗೆ ಎಂಬುದು ಟೈಪಿಸ್ಟರನ್ನು ಬಿಟ್ಟು ಕಟ್ಟಡದ ಎಲ್ಲರಿಗೂ ಗೊತ್ತಿತ್ತು.

“ಆರೂವರೆಗೆ” ಎಂದರು ಅಧ್ಯಕ್ಷೆ. “ದಿನಾ. ಆಗ ಗೇಟಲ್ಲಿ ಯಾರಿರ್ತಾರೆ?”

ವಾಚ್‌ಮನ್ ಅಂಗಿಯ ಮೇಲಿನ ಗುಂಡಿಗೆ ಕೈ ಹಾಕಿದ. ಕಳಚಿಕೊಡಲು ಶುರು ಮಾಡಿದನೋ, ಸುಮ್ಮನೆ ಹಿಡಿದುಕೊಂಡನೋ ತಿಳಿಯಲಿಲ್ಲ. ಅಧ್ಯಕ್ಷೆ ಟೈಂಕೀಪರರ ಕಡೆ ತಿರುಗಿದರು.

“ನೀವು ಹೇಳಿ. ಈ ಕಟ್ಟಡದಲ್ಲಿ ಯಾರು ಎಷ್ಟು ಹೊತ್ತಿಗೆ ಎಲ್ಲಿರ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಹೊತ್ತಿನ ವಿಷಯದಲ್ಲಿ ನೀವು ಸುಳ್ಳು ಹೇಳೋರಲ್ಲ. ಆರೂವರೆಗೆ ಗೇಟಿನಲ್ಲಿ ಯಾರಿರ್ತಾರೆ?”

ಟೈಂಕೀಪರ್ ಇನ್ನೂ ಕಂಪ್ಯೂಟರಿನ ಮುಂದೆಯೇ ಕೂತಿದ್ದರು. ಕೈಗಡಿಯಾರ ನೋಡಿದರು. ಅದರ ಪಕ್ಕದ ತಿರುಪು ಎಳೆದು ಮುಳ್ಳನ್ನು ಎರಡು ನಿಮಿಷ ಹಿಂದಕ್ಕೆ ತಿರುಗಿಸಿದರು. ಆಮೇಲೆ ಬಾಯಿ ಬಿಟ್ಟರು.

“ನಾನಿರ್ತೀನಿ.”

“ನೀವಾ?”

“ನಾನೇ, ಮೇಡಂ. ಅದು ಅವನ ಬಿಡುವಿನ ಹೊತ್ತು. ಬಸ್ಸಿಗೂ ಎರಡು ಟ್ರಿಪ್ಪಿನ ನಡುವೆ ಲೇಓವರ್ ಅಂತ ಇರುತ್ತೆ, ಮನುಷ್ಯನಿಗೆ ಬೇಡ್ವಾ? ನೀನು ಹೋಗಿ ಬಾರಪ್ಪಾ, ನಾನು ಗೇಟ್ ನೋಡ್ಕೋತೀನಿ ಅಂತ ನಾನೇ ಹೇಳಿದ್ದೆ.”

“ದಿನಾನಾ?”

“ದಿನಾ.”

ವಾಚ್‌ಮನ್‌ನ ಬಾಯಿ ತೆರೆದೇ ಇತ್ತು. ಅಧ್ಯಕ್ಷೆ ಅವನನ್ನೊಮ್ಮೆ, ಟೈಂಕೀಪರರನ್ನೊಮ್ಮೆ ದಿಟ್ಟಿಸಿದರು. ತರಗತಿಯ ಕೊನೆಯ ಬೆಂಚನ್ನು ಎಷ್ಟೋ ವರ್ಷ ನೋಡಿ ಪಳಗಿದ ಕಣ್ಣು. ಕೊನೆಗೆ ಅವರು ಟೈಂಕೀಪರರ ಹೆಂಡತಿಯ ಕಡೆ ತಿರುಗಿದರು. “ಹೌದೇನಮ್ಮ?”

“ಹೌದು ಮೇಡಂ” ಎಂದರು ಆಕೆ, ಮುಖದ ಒಂದು ಗೆರೆಯೂ ಅಲುಗದಂತೆ. “ಆರೂವರೆ ಆಯ್ತು ಅಂದ್ರೆ ಇವರು ಮನೇಲಿ ನಿಲ್ಲಲ್ಲ. ಟೀವಿ ನೋಡೋಕೆ ನನಗೂ ಆರಾಮ.”

ಅಧ್ಯಕ್ಷೆ ಮೂಗಿನಿಂದ ಒಂದು ಸದ್ದು ಮಾಡಿದರು. ಶಾಲೆಯಲ್ಲಿ ಆ ಸದ್ದಿಗೆ ಈ ಸಲ ಬಿಟ್ಟಿದ್ದೇನೆ ಎಂಬ ಅರ್ಥವಿತ್ತು. “ಹಾಗಿದ್ರೆ ಸರಿ. ಆದರೆ ದಿನಾ ಅಂದ್ರೆ ದಿನಾ. ನನ್ನ ಕಿಟಕಿಯಿಂದ ಗೇಟು ಚೆನ್ನಾಗಿ ಕಾಣುತ್ತೆ.”

ಸಭೆ ನಡೆಯಲಿಲ್ಲ. ಪೇದೆ ಕಂಪ್ಯೂಟರಿನ ಬಾಯಲ್ಲಿ ಇನ್ನೊಮ್ಮೆ ಟೈಂ ಕೇಳಿಸಿಕೊಂಡು ಠಾಣೆಗೆ ಹೋದ. ಭಾವ ಬಾಮೈದ ಟೀವಿ ಹೊತ್ತು ಇಳಿದರು. ಧಾರಾವಾಹಿ ಶುರುವಾಗುವ ಹೊತ್ತಿಗೆ ಅದು ಗೋಡೆಯ ಮೇಲಿತ್ತು. ಚೆಸ್ ಬೋರ್ಡ್ ಮರುದಿನ ಬಡಗಿಯ ಅಂಗಡಿಯಿಂದ ರಿಪೇರಿಯಾಗಿ ಬಂತು.

ಮರುದಿನ ಸಂಜೆ ಆರೂವರೆಗೆ ಗೇಟಿನ ಪಕ್ಕದ ಕುರ್ಚಿಯಲ್ಲಿ ಟೈಂಕೀಪರ್ ಕೂತಿದ್ದರು.